ಸಿದ್ಧ ಗೋದಲಿ ಸೆಟ್: ಬೆಲೆಗೆ ಮೋಸವಿಲ್ಲ, ಆದರೆ ಬಾಲಯೇಸುವನ್ನು ಅಂಟಿಸಿಬಿಟ್ಟಿದ್ದಾರೆ

ಕ್ರಿಸ್ಮಸ್ ಹತ್ತಿರವಾದಂತೆ ಆನ್‌ಲೈನ್ ಅಂಗಡಿಗಳಲ್ಲಿಯೂ ಮಂಗಳೂರು, ಕಾಸರಗೋಡು ಪೇಟೆಗಳ ಫ್ಯಾನ್ಸಿ ಮಳಿಗೆಗಳಲ್ಲಿಯೂ ಸಾಲುಸಾಲಾಗಿ ಕಾಣಿಸಿಕೊಳ್ಳುವ ಸಿದ್ಧ ಗೋದಲಿ ಸೆಟ್ಟನ್ನು ಕುರಿತು ಈ ಬರಹ. 2025ರ ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ತರಿಸಿದ್ದು ಆನ್‌ಲೈನಿನಲ್ಲಿ. ಬೆಲೆ 1,899 ರೂಪಾಯಿ, ಸಾಗಾಟದ ಖರ್ಚು ಅದರಲ್ಲೇ ಸೇರಿತ್ತು. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದೇ ಅಚ್ಚಿನ, ಇದೇ ಬಣ್ಣದ ಸೆಟ್‌ಗಳು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿವೆ ಮತ್ತು ನಾನು ಹೇಳಹೊರಟ ಗುಣದೋಷಗಳು ಬಹುಮಟ್ಟಿಗೆ ಅವೆಲ್ಲಕ್ಕೂ ಅನ್ವಯಿಸುತ್ತವೆ. ಕೊಳ್ಳಬೇಕೆಂದಿರುವವರಿಗೆ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ನ್ಯಾಯ: ಅಲಂಕಾರದ ವಸ್ತುವಾಗಿ ನೋಡಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಗೋದಲಿಯೆಂದು ನೋಡಿದರೆ ಒಂದು ದೊಡ್ಡ ಕೊರತೆಯಿದೆ, ಆ ಕೊರತೆ ಜಾಹೀರಾತಿನ ಚಿತ್ರದಲ್ಲಿ ಕಾಣಿಸುವುದಿಲ್ಲ.

ಗೋದಲಿ ಎಂದರೇನೆಂದು ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಚಿಕ್ಕ ಪ್ರತಿಮೆಗಳಿಂದ ಮನೆಯ ಮೂಲೆಯಲ್ಲೋ ಅಂಗಳದಲ್ಲೋ ಕಟ್ಟುವ ಪದ್ಧತಿಯಿದು. ನಾನಿರುವುದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ. ಜಿಲ್ಲೆ ಕೇರಳದ್ದಾದರೂ ಇಲ್ಲಿಯ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಮುಂತಾದ ಧರ್ಮಕೇಂದ್ರಗಳು ಮಂಗಳೂರು ಕೆಥೊಲಿಕ್ ಧರ್ಮಪ್ರಾಂತ್ಯಕ್ಕೆ ಸೇರಿದವು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು ಮತ್ತು ಮಲಯಾಳ ಆಡುತ್ತ ಬೆಳೆದ ನಮ್ಮಂಥವರ ಮನೆಗಳಲ್ಲಿ ಗೋದಲಿಯಿಲ್ಲದೆ ಹಬ್ಬವಿಲ್ಲ; ಪೂರ್ವದ ಗುಡ್ಡಗಾಡಿನಲ್ಲಿ ನೆಲೆಸಿರುವ ಮಲಯಾಳಿ ಸಿರಿಯನ್ ಕ್ರೈಸ್ತರ ಮನೆಗಳಲ್ಲಿಯೂ ಪುಲ್ಕೂಡು ಎಂಬ ಹೆಸರಿನಲ್ಲಿ ಇದೇ ನಿಲ್ಲುತ್ತದೆ.

ಪೆಟ್ಟಿಗೆಯೊಳಗೆ ಇರುವುದು ಇಷ್ಟು. ಒಂದೂವರೆ ಅಡಿ ಅಗಲದ ಹಲಗೆ, ಅದರ ಮೇಲೆ ತೆಳು ಪ್ಲೈವುಡ್ಡಿನ ಕೊಟ್ಟಿಗೆ, ಹಿಂಬದಿಗೆ ಬಿಳಿ ಬಣ್ಣ ಸಿಂಪಡಿಸಿದ ಥರ್ಮೊಕೋಲಿನ ಗುಡ್ಡ, ಮಾಡಿಗೆ ಸುತ್ತಿದ ಎಲ್‌ಇಡಿ ದೀಪಗಳ ಸರ, ಮತ್ತು ರೆಸಿನ್‌ನಲ್ಲಿ ಎರಕ ಹೊಯ್ದ ಹನ್ನೊಂದು ಪ್ರತಿಮೆಗಳು: ಮರಿಯಮ್ಮ, ಜೋಸೆಫರು, ಬಾಲಯೇಸು, ಒಬ್ಬ ದೇವದೂತ, ಇಬ್ಬರು ಕುರುಬರು, ಮೂವರು ಅರಸರು, ಒಂದು ಎತ್ತು, ಒಂದು ಕತ್ತೆ. ಪ್ರತಿಮೆಗಳ ಕೆಲಸ ನಿರೀಕ್ಷೆಗಿಂತ ಚೆನ್ನಾಗಿದೆ ಎಂದೇ ಹೇಳಬೇಕು. ಈ ಬೆಲೆಯ ಪ್ರತಿಮೆಗಳಲ್ಲಿ ಸಾಮಾನ್ಯವಾಗಿ ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿರುತ್ತದೆ, ತುಟಿಯ ಕೆಂಪು ಗಲ್ಲಕ್ಕೆ ಹಬ್ಬಿರುತ್ತದೆ, ಇಲ್ಲಿ ಹಾಗಾಗಿಲ್ಲ. ಜೋಸೆಫರ ಕೈಯಲ್ಲಿರುವ ಲಾಟೀನಿನ ಹಿಡಿಕೆಯವರೆಗೂ ಸೂಕ್ಷ್ಮವಾಗಿ ಬಣ್ಣ ಹಚ್ಚಿದ್ದಾರೆ. ಮರಿಯಮ್ಮನ ಮುಖದಲ್ಲಿ ಹೆರಿಗೆಯಾದ ಹೆಂಗಸಿನ ಆಯಾಸ ಲವಲೇಶವೂ ಇಲ್ಲವೆನ್ನುವುದು ನನ್ನ ಹೆಂಡತಿಯ ಆಕ್ಷೇಪ, ಆದರೆ ಅದು ಈ ತಯಾರಕರೊಬ್ಬರ ತಪ್ಪಲ್ಲ, ಶತಮಾನಗಳಿಂದ ಶಿಲ್ಪಿಗಳು ನಡೆಸಿಕೊಂಡು ಬಂದದ್ದು. ಎತ್ತಿಗೆ ಮಾತ್ರ ಕಪ್ಪು ಬಿಳಿ ಪಟ್ಟೆ ಬಳಿದು ಎಚ್‌ಎಫ್ ತಳಿಯ ಹಾಲಿನ ದನದಂತೆ ಮಾಡಿದ್ದಾರೆ. ಗಿಡ್ಡ ತಳಿಯ ದನಕ್ಕೆ ಹೆಸರಾದ ಕಾಸರಗೋಡಿನವರಿಗೆ ಇದು ಮೊದಲ ನೋಟಕ್ಕೇ ಕಣ್ಣಿಗೆ ಹೊಡೆಯುತ್ತದೆ.

ಮಾಡಿನ ಮೇಲಿನ ಹಿಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರಿನ ಮಧ್ಯಾಹ್ನ ಫ್ಯಾನಿನಡಿ ಕುಳಿತು ಹಿಮ ಬಿದ್ದ ಕೊಟ್ಟಿಗೆ ನೋಡುವುದು ನಮಗೆ ಎಂದೋ ರೂಢಿಯಾಗಿದೆ. ಥರ್ಮೊಕೋಲಿನ ವಿಷಯ ಹಾಗಲ್ಲ. ಅಲಂಕಾರಕ್ಕೆ ಬಳಸುವ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ; ಹೀಗಿರುವಾಗ ಗುಡ್ಡವನ್ನು ಅದರಿಂದಲೇ ಮಾಡಿ ಕಳುಹಿಸುವುದು ಕಾನೂನಿಗೂ ಸರಿಯಲ್ಲ, ಸೃಷ್ಟಿಯ ರಕ್ಷಣೆಯೂ ವಿಶ್ವಾಸದ ಭಾಗವೆಂದು ಕೆಥೊಲಿಕ್ ಧರ್ಮಸಭೆ ಪ್ರತಿವರ್ಷ ಹೇಳುತ್ತಿರುವ ಕಾಲದಲ್ಲಿ ಭೂಷಣವೂ ಅಲ್ಲ. ಗುಂಡಿ ಒತ್ತಿದರೆ ಮೂರು ಇಂಗ್ಲಿಷ್ ಕ್ಯಾರೊಲ್‌ಗಳ ರಾಗ ಕೇಳಿಸುವ ಏರ್ಪಾಡೂ ಇದೆ. ಸದ್ದು ಕೀರಲು. ಸೆಲ್ ತೆಗೆದಿಟ್ಟರೆ ಆ ತೊಂದರೆ ಪರಿಹಾರವಾಗುತ್ತದೆ.

ಇನ್ನು ಮುಖ್ಯ ವಿಷಯ. ಪೆಟ್ಟಿಗೆ ಡಿಸೆಂಬರಿನ ಮೊದಲ ವಾರ ಬಂತು. ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದರೆ ಹನ್ನೊಂದು ಪ್ರತಿಮೆಗಳನ್ನೂ ಹಲಗೆಗೆ ಭದ್ರವಾಗಿ ಅಂಟಿಸಿದ್ದಾರೆ. ಬಾಲಯೇಸುವನ್ನು ಮೇವಿನ ತೊಟ್ಟಿಗೆ, ತೊಟ್ಟಿಯನ್ನು ಹಲಗೆಗೆ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ ಅಮ್ಮ, “ಇವಳಿಗೆ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಹೆರಿಗೆಯಾಗಿಬಿಟ್ಟಿದೆಯಲ್ಲ ಮಗಾ” ಎಂದರು. ನಗುತ್ತಲೇ ಹೇಳಿದರೂ ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಆ ದಿನವೇ ಒಂದು ಬಿಳಿ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಯ ಮೇಲೆ ಮುಚ್ಚಿದರು.

ಇದನ್ನು ಹಳಬರ ಹಟವೆಂದು ತಳ್ಳಿಹಾಕುವ ಮೊದಲು ಗೋದಲಿ ಯಾವ ಕಾಲದಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವನ್ನು ಧರ್ಮಸಭೆ ಕಾಯುವುದಕ್ಕೆಂದೇ ಮೀಸಲಿಟ್ಟಿದೆ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ, ಪೀಠದ ಹೂವಿನ ಅಲಂಕಾರ ಮಿತವಾಗಿರುತ್ತದೆ, ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಯಲ್ಲಿ, ಮಹಿಮಾಗೀತೆಯನ್ನು ಹಾಡುವುದಿಲ್ಲ. ಬೈಬಲಿನಲ್ಲಿ ಲೂಕನ ಶುಭಸಂದೇಶದ ಪ್ರಕಾರ ಆ ಹಾಡಿನ ಮೊದಲ ಸಾಲು ಬೆತ್ಲೆಹೆಮಿನ ಹೊಲದಲ್ಲಿ ದೂತರು ಕುರುಬರಿಗೆ ಕೇಳಿಸಿದ ಹಾಡು. ಅದನ್ನು ನಾಲ್ಕು ವಾರ ತಡೆಹಿಡಿದು, ಕ್ರಿಸ್ಮಸ್ ಜಾಗರಣೆಯ ರಾತ್ರಿ ಗಂಟೆಗಳ ಜೊತೆಗೆ ಬಿಡುತ್ತಾರೆ. ಮನೆಯ ಗೋದಲಿಯಲ್ಲಿಯೂ ಅದೇ ಶಿಸ್ತು. ಮರಿಯಮ್ಮ ಮತ್ತು ಜೋಸೆಫರು ಇರುತ್ತಾರೆ, ದನಕರು ಇರುತ್ತವೆ, ತೊಟ್ಟಿ ಖಾಲಿ ಇರುತ್ತದೆ. 24ರ ರಾತ್ರಿ ಚರ್ಚಿನಿಂದ ಬಂದ ಮೇಲೆ ಮನೆಯ ಅತ್ಯಂತ ಕಿರಿಯ ಮಗುವಿನ ಕೈಯಲ್ಲಿ ಬಾಲಯೇಸುವನ್ನು ಇರಿಸಿ, ಅಲ್ಲಿ ಮಲಗಿಸಲು ಹೇಳುತ್ತಾರೆ. ರೋಮಿನಲ್ಲಿ ಸಂತ ಪೇತ್ರರ ಚೌಕದ ದೊಡ್ಡ ಗೋದಲಿಯೂ 24ರವರೆಗೆ ಶಿಶುವಿಲ್ಲದೆಯೇ ನಿಂತಿರುತ್ತದೆ. ಆಗಮನ ಕಾಲದ ಮೂರನೆಯ ಭಾನುವಾರ ಅಲ್ಲಿಯ ಮಕ್ಕಳು ತಮ್ಮ ಮನೆಯ ಗೋದಲಿಯ ಬಾಲಯೇಸುವನ್ನು ಕೈಯಲ್ಲಿ ಹಿಡಿದು ಪೋಪರ ಆಶೀರ್ವಾದಕ್ಕೆ ಬರುತ್ತಾರೆ. ನಮ್ಮ ಸೆಟ್ಟನ್ನು ಕೊಂಡ ಮನೆಯ ಮಗು ಆ ಸಾಲಿನಲ್ಲಿ ನಿಲ್ಲಬೇಕಾದರೆ ಒಂದೂವರೆ ಅಡಿ ಹಲಗೆಯನ್ನೇ ಹೊತ್ತುಕೊಂಡು ಹೋಗಬೇಕಾದೀತು.

ಅರಸರ ಗತಿಯೂ ಅದೇ. ಶಿಶುವನ್ನು ಕಾಣಲು ಪೂರ್ವದೇಶದಿಂದ ಬಂದ ಈ ಮೂವರು ಅರಸರ ಹಬ್ಬವನ್ನು ಭಾರತದಲ್ಲಿ ಜನವರಿಯ ಮೊದಲ ಭಾನುವಾರಗಳಲ್ಲೊಂದಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಡಿಸೆಂಬರ್ ತಿಂಗಳಿಡೀ ಈ ಅರಸರು ಕಪಾಟಿನ ಮೇಲೆ, ಕಿಟಕಿಯ ದಂಡೆಯ ಮೇಲೆ, ಟಿವಿಯ ಪಕ್ಕ ಹೀಗೆ ಸ್ವಲ್ಪ ಸ್ವಲ್ಪವೇ ಪಯಣಿಸಿ, ಹಬ್ಬದ ಹೊತ್ತಿಗೆ ಗೋದಲಿ ತಲುಪುತ್ತಿದ್ದರು. ಅವರನ್ನು ದಿನವೂ ಗೇಣಿನಷ್ಟು ಸರಿಸುವ ಅಧಿಕಾರಕ್ಕಾಗಿ ಮಕ್ಕಳ ನಡುವೆ ಜಗಳವಾಗುತ್ತಿತ್ತು. ಹೊಸ ಸೆಟ್ಟಿನಲ್ಲಿ ಅವರು ಮೊದಲ ದಿನವೇ ಮಂಡಿಯೂರಿದ್ದಾರೆ. ಪೇಟೆಯ ಕ್ರಿಸ್ಮಸ್ ನವೆಂಬರಿನಲ್ಲಿ ಶುರುವಾಗಿ 25ರ ಸಂಜೆಗೆ ಮುಗಿಯುತ್ತದೆ. ಚರ್ಚಿನ ಕ್ರಿಸ್ಮಸ್ 24ರ ರಾತ್ರಿ ಶುರುವಾಗಿ ಜನವರಿಯಲ್ಲಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ನಡೆಯುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಮನೆಗಳಲ್ಲಿ ಯಾವ ಪಂಚಾಂಗ ನಡೆಯಬೇಕೆಂಬುದನ್ನು ಈ ಸೆಟ್ಟು ಅಂಟಿನ ಬಲದಿಂದ ತೀರ್ಮಾನಿಸಿಬಿಡುತ್ತದೆ.

ಮಾರಾಟಗಾರರ ಗ್ರಾಹಕ ಸೇವೆಗೆ ಬರೆದು ಕೇಳಿದೆ. ಉತ್ತರ ಮರುದಿನವೇ ಬಂತು, ಮರ್ಯಾದೆಯಿಂದಲೇ ಇತ್ತು. ಮಗುವಿನ ಪ್ರತಿಮೆ ಬಿಡಿಯಾಗಿದ್ದರೆ ಕಳೆದುಹೋಗುತ್ತದೆಂದು ಹಿಂದೆ ತುಂಬ ದೂರುಗಳು ಬಂದಿದ್ದವಂತೆ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇರುವುದರಿಂದ ಎಲ್ಲವನ್ನೂ ಅಂಟಿಸಿ ಕಳುಹಿಸುತ್ತಾರಂತೆ. ಎರಡನೆಯ ಕಾರಣಕ್ಕೆ ನನ್ನ ತಕರಾರಿಲ್ಲ. ಮೊದಲನೆಯದು ಸುಳ್ಳೂ ಅಲ್ಲ. ಹಳೆಯ ಮನೆಗಳಲ್ಲಿ ವಿಚಾರಿಸಿ ನೋಡಿ, ಬಾಲಯೇಸು ಕಳೆದುಹೋಗಿ 24ರ ರಾತ್ರಿ ಹತ್ತು ಗಂಟೆಗೆ ಅಟ್ಟದ ಪೆಟ್ಟಿಗೆಗಳನ್ನೆಲ್ಲ ಜಾಲಾಡಿದ ಕತೆ ಪ್ರತಿ ಮನೆಯಲ್ಲಿಯೂ ಒಂದು ಸಿಗುತ್ತದೆ. ಆದರೆ ಕಳೆದುಹೋಗುವಷ್ಟು ಚಿಕ್ಕದಾಗಿ, ಯಾರ ಕೈಗಾದರೂ ಸಿಗುವಂತೆ ದೇವರು ಬಂದರು ಎನ್ನುವುದಲ್ಲವೇ ಈ ಹಬ್ಬದ ವಿಷಯ? ಗೋದಲಿಯ ಕತೆ ಹೇಳುವ ಲೂಕನ ಎರಡನೆಯ ಅಧ್ಯಾಯವೇ, ಕೊನೆಯಲ್ಲಿ, ಹನ್ನೆರಡು ವರ್ಷದ ಯೇಸುವನ್ನು ಮರಿಯಮ್ಮ ಮತ್ತು ಜೋಸೆಫರು ಜೆರುಸಲೇಮಿನ ಹಬ್ಬದಲ್ಲಿ ಕಳೆದುಕೊಂಡು ಮೂರು ದಿನಗಳ ಮೇಲೆ ದೇವಾಲಯದಲ್ಲಿ ಕಂಡುಕೊಂಡ ಪ್ರಸಂಗವನ್ನೂ ಹೇಳುತ್ತದೆ. ಅವರಿಗೇ ತಪ್ಪದ ಹುಡುಕಾಟ ಗ್ರಾಹಕರಿಗೆ ತಪ್ಪಬೇಕೆಂದು ಅಂಟು ಹಾಕುವುದು ಅತಿಯಾದ ಕಾಳಜಿಯಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಕೊಂಡು ತಂದ ಗೋದಲಿಯೆಲ್ಲ ಕೀಳು, ಕೈಯಲ್ಲಿ ಕಟ್ಟಿದ್ದೇ ಶುದ್ಧ ಎಂಬ ವಾದಕ್ಕೆ ನಾನಿಲ್ಲ. ಗೋದಲಿಯಲ್ಲಿ ಶುದ್ಧವೆನ್ನುವುದು ಎಂದೂ ಇರಲಿಲ್ಲ. ಎತ್ತು ಮತ್ತು ಕತ್ತೆ ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಅರಿತಿವೆ ಎಂಬ ಯೆಶಾಯನ ಗ್ರಂಥದ ಮೊದಲ ಅಧ್ಯಾಯದ ಮಾತಿನಿಂದ ಅವು ಬಂದು ಸೇರಿಕೊಂಡವು. ಪೂರ್ವದೇಶದ ಜ್ಞಾನಿಗಳು ಮೂವರೆಂದಾಗಲಿ ಅರಸರೆಂದಾಗಲಿ ಮತ್ತಾಯ ಬರೆದಿಲ್ಲ, ಅವರು ಬಂದದ್ದು ಕೊಟ್ಟಿಗೆಗೆ ಎಂದೂ ಅಲ್ಲ, ಮನೆಗೆ ಎಂದು ಬರೆದಿದ್ದಾನೆ. ನಮ್ಮ ಮನೆಯ ಹಳೆಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಪ್ರತಿಮೆಗಳನ್ನಾದರೂ ಅಪ್ಪ ಮಂಗಳೂರಿನ ಅಂಗಡಿಯಿಂದ ದುಡ್ಡು ಕೊಟ್ಟೇ ತಂದಿದ್ದರು. ಕೊಳ್ಳುವುದರಲ್ಲಿ ದೋಷವಿಲ್ಲ, ಕೊಂಡ ಮೇಲೆ ನಮಗೆ ಮಾಡಲು ಏನು ಉಳಿಯಿತು ಎನ್ನುವುದನ್ನು ನೋಡಬೇಕು.

ಈ ದೃಷ್ಟಿಯಿಂದ ಗೋದಲಿಯ ಮೂಲಪ್ರಸಂಗ ಗಮನಿಸತಕ್ಕದ್ದು. ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ 1223ರ ಕ್ರಿಸ್ಮಸ್ಸಿಗೆ ಸುಮಾರು ಹದಿನೈದು ದಿನ ಮೊದಲು ಅಸ್ಸಿಸಿಯ ಸಂತ ಫ್ರಾನ್ಸಿಸರು ಪರಿಚಯದ ಒಬ್ಬರನ್ನು ಕರೆದು, ಬೆತ್ಲೆಹೆಮಿನಲ್ಲಿ ಶಿಶು ಎಷ್ಟು ಬಡತನದಲ್ಲಿ ಹುಲ್ಲಿನ ಮೇಲೆ ಮಲಗಿತ್ತೆಂಬುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ತಿಳಿಸಿ, ಏರ್ಪಾಡು ಮಾಡಲು ಹೇಳಿದರು. ಅಲ್ಲಿ ಸಿದ್ಧವಾದದ್ದು ಒಣಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಸುತ್ತಲಿನ ಜನ ಪಂಜು, ಹೂವು ಹಿಡಿದು ಬಂದರು. ಆ ತೊಟ್ಟಿಯ ಮೇಲೆಯೇ ಬಲಿಪೂಜೆ ನಡೆಯಿತು. ಪ್ರತಿಮೆ ಒಂದೂ ಇರಲಿಲ್ಲ. ನೆರೆದವರಲ್ಲಿ ಒಬ್ಬನಿಗೆ ಆ ತೊಟ್ಟಿಯಲ್ಲಿ ಶಿಶು ಮಲಗಿದ್ದು ಕಂಡಿತೆಂದು ಸಂತರ ಚರಿತ್ರೆ ಬರೆದ ಚೆಲಾನೊದ ತೋಮಸ್ ದಾಖಲಿಸಿದ್ದಾನೆ. ಅಂದರೆ ಎಲ್ಲ ಗೋದಲಿಗಳ ಮೂಲವಾದ ಗೋದಲಿಯ ತೊಟ್ಟಿಯಲ್ಲಿ ಹುಲ್ಲನ್ನು ಬಿಟ್ಟು ಬೇರೇನೂ ಇರಲಿಲ್ಲ, ಕಂಡವನಿಗೆ ಕಂಡಿತು. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಅರ್ಥವನ್ನು ಕುರಿತ ಒಂದು ಪತ್ರಕ್ಕೆ ಸಹಿ ಹಾಕಿದರು. ಅದರಲ್ಲಿ ಅವರು ಮಕ್ಕಳೂ ದೊಡ್ಡವರೂ ಶುಭಸಂದೇಶಕ್ಕೆ ಸಂಬಂಧವೇ ಇಲ್ಲದ ಗೊಂಬೆಗಳನ್ನು ಗೋದಲಿಗೆ ಸೇರಿಸುವುದನ್ನು ಆಕ್ಷೇಪಿಸುವುದಿರಲಿ, ಮೆಚ್ಚಿಯೇ ಬರೆದಿದ್ದಾರೆ. ನಮ್ಮ ಗೋದಲಿಯಲ್ಲಿ ಕನ್ನಡಿ ತುಂಡಿನ ಕೆರೆಯೂ ಅದರಲ್ಲಿ ಪ್ಲಾಸ್ಟಿಕ್ ಬಾತುಕೋಳಿಯೂ ಗುಡ್ಡದ ದಾರಿಯಲ್ಲಿ ಒಂದು ಕೆಎಸ್‌ಆರ್‌ಟಿಸಿ ಬಸ್ಸೂ ಇರುತ್ತಿದ್ದವು. ಹೊಸ ಹಲಗೆಯ ಮೇಲೆ ಬಾತುಕೋಳಿಗೆ ಜಾಗವಿಲ್ಲ.

ಕಟ್ಟುವುದೆಂದರೆ ಏನೇನಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ 1,899 ರೂಪಾಯಿಗೆ ನಾವು ಕೊಂಡದ್ದು ಈ ಕೆಲಸಗಳಿಂದ ಬಿಡುಗಡೆಯನ್ನು. ಡಿಸೆಂಬರಿನ ಎರಡನೆಯ ವಾರ ಒಂದು ತಟ್ಟೆಯಲ್ಲಿ ಮಣ್ಣು ಹಾಕಿ ಭತ್ತವನ್ನೋ ರಾಗಿಯನ್ನೋ ಮೊಳಕೆಗಿಡುತ್ತಿದ್ದರು, ಹಬ್ಬದ ಹೊತ್ತಿಗೆ ಅದು ಬೆರಳುದ್ದ ಬೆಳೆದು ಕೊಟ್ಟಿಗೆಯ ಮುಂದೆ ಗದ್ದೆಯಾಗುತ್ತಿತ್ತು. ಸಿಮೆಂಟ್ ಚೀಲದ ದಪ್ಪ ಕಾಗದವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಹಿಂಡಿ, ಸುಕ್ಕುಗಟ್ಟಿಸಿ, ಇಟ್ಟಿಗೆಗಳ ಮೇಲೆ ಹೊದಿಸಿದರೆ ಗುಡ್ಡ. ಒಣಗಿದಾಗ ಅದರ ಬಣ್ಣ ನಮ್ಮ ಮುರಕಲ್ಲು ಗುಡ್ಡದ ಬಣ್ಣವೇ. ಮಳೆಗಾಲ ಕಳೆದು ಎರಡು ತಿಂಗಳಾದರೂ ಬಾವಿಕಟ್ಟೆಯ ನೆರಳಿನ ಬದಿಯಲ್ಲಿ ಪಾಚಿ ಉಳಿದಿರುತ್ತದೆ. ತೆಳು ಚೂರಿಯಿಂದ ಅದನ್ನು ಹಾಳೆಯಂತೆ ಎಬ್ಬಿಸಬೇಕು, ಅವಸರ ಮಾಡಿದರೆ ಪುಡಿಯಾಗುತ್ತದೆ. ಮಾಡಿಗೆ ಮುಳಿಹುಲ್ಲು, ಅದು ಸಿಗದಿದ್ದರೆ ಸೋಗೆ. ತೊಟ್ಟಿಗೆ ಬೈಹುಲ್ಲು.

ಆ ಬೈಹುಲ್ಲು ನೆರೆಮನೆಯ ಭಟ್ಟರ ಹಟ್ಟಿಯಿಂದ ಬರುತ್ತಿತ್ತು. ಪ್ರತಿ ಡಿಸೆಂಬರಿನಲ್ಲಿ ನಾವು ಕೇಳುವ ಮೊದಲೇ ಅವರು ಬೇಲಿಯ ಬಳಿ ನಿಂತು, “ಏನು ಮಾರಾಯ್ರೆ, ಈ ವರ್ಷ ನಿಮ್ಮ ಮಗುವಿಗೆ ಹಾಸಿಗೆ ಬೇಡವಾ?” ಎಂದು ಅಪ್ಪನನ್ನು ಕೇಳುತ್ತಿದ್ದರು. ಗೋದಲಿ ಸಿದ್ಧವಾದ ಮೇಲೆ ಅವರ ಮನೆಯ ಮಕ್ಕಳು ಮೊದಲು ಬರುತ್ತಿದ್ದರು, ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ಮೊದಲು ಹೋಗುತ್ತಿದ್ದುದೂ ಆ ಮನೆಗೆ. ಈಗ ಭಟ್ಟರಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ದನಗಳನ್ನು ಕೊಟ್ಟಾಗಿದೆ, ಅವರ ಮನೆಗೂ ನಮ್ಮ ಮನೆಗೂ ಒಂದೇ ಹುಡುಗ ಹಾಲಿನ ಪ್ಯಾಕೆಟ್ ಹಾಕುತ್ತಾನೆ. ಊರಿನ ಬಯಲಿನಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿವೆ, ಕೆಲವು ಮನೆ ನಿವೇಶನಗಳಾಗಿವೆ. ಹಟ್ಟಿಯಿಲ್ಲದ ಊರಿನಲ್ಲಿ ಹಟ್ಟಿಯ ದೃಶ್ಯ ಕಟ್ಟಬೇಕಾದಾಗ ಸಾಮಗ್ರಿಯನ್ನು ಎಲ್ಲಿಂದ ತರುವುದು? ಸಿದ್ಧ ಸೆಟ್ಟನ್ನು ಬೈಯುವವರು ಈ ಪ್ರಶ್ನೆಗೆ ಉತ್ತರ ಹೇಳಿ ಬೈಯಬೇಕು. ಅಮ್ಮನ ಮೊಣಗಂಟು ನೆಲಕ್ಕೆ ಕುಳಿತುಕೊಳ್ಳಲು ಬಿಡುವುದಿಲ್ಲ, ಡಿಸೆಂಬರಿನಲ್ಲಿ ಮಕ್ಕಳಿಗೆ ಕ್ರಿಸ್ಮಸ್ ಪರೀಕ್ಷೆ, ನನಗೂ ಹೆಂಡತಿಗೂ ನೌಕರಿ. ಪೆಟ್ಟಿಗೆ ತರಿಸಿದ್ದು ಈ ಕಾರಣಗಳಿಂದ, ಆ ಕಾರಣಗಳು ಈಗಲೂ ಹಾಗೆಯೇ ಇವೆ.

ಯಾರಿಗೆ ಈ ಸೆಟ್ಟು ನಿಜಕ್ಕೂ ಅನುಕೂಲವೆಂದು ಕೇಳಿದರೆ, ನನ್ನ ತಮ್ಮನ ಮನೆಯವರಿಗೆ. ಅವನು ಶಾರ್ಜಾದಲ್ಲಿ ಎರಡು ಕೋಣೆಗಳ ಫ್ಲಾಟಿನಲ್ಲಿದ್ದಾನೆ. ಅಲ್ಲಿ ಪಾಚಿಯೂ ಇಲ್ಲ, ಅಂಗಳವೂ ಇಲ್ಲ, ಕೆಮ್ಮಣ್ಣಿನ ನೀರು ನೆಲಕ್ಕೆ ಚೆಲ್ಲಿದರೆ ಮನೆ ಮಾಲೀಕರ ತಕರಾರು ಬೇರೆ. ಹೆಚ್ಚುಕಡಿಮೆ ಇಂಥದೇ ಸೆಟ್ಟೊಂದು ಟಿವಿ ಸ್ಟ್ಯಾಂಡಿನ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಅವನ ಮಗಳು ವಿಡಿಯೊ ಕರೆಯಲ್ಲಿ ಗುಂಡಿ ಒತ್ತಿ ರಾಗ ಕೇಳಿಸಿ, ದೀಪ ಉರಿಸಿ ತೋರಿಸಿದಾಗ ಅಮ್ಮನಿಗೆ ಆದ ಸಂತೋಷದಲ್ಲಿ ಕೊರತೆಯೇನೂ ಇರಲಿಲ್ಲ. ಆ ಮನೆಯಲ್ಲಿ ಗೋದಲಿ ಇಲ್ಲದಿರುವುದಕ್ಕಿಂತ ಅಂಟು ಹಾಕಿದ ಗೋದಲಿ ಇರುವುದು ಸಾವಿರ ಪಾಲು ಮೇಲು. ಹಾಗೆಯೇ ವಯಸ್ಸಾದವರು ಇಬ್ಬರೇ ಇರುವ ಮನೆಗಳು, ಆಸ್ಪತ್ರೆಯ ಪ್ರಾರ್ಥನಾ ಕೋಣೆ, ಹಾಸ್ಟೆಲಿನ ಪಡಸಾಲೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇಂಥ ಕಡೆಗಳಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.

ಆದರೆ ಬದಲಾಯಿಸಲು ಬಾರದ ಗೋದಲಿ ಒಂದೇ ಮಾತನ್ನು ಹೇಳಬಲ್ಲದು ಎಂಬುದನ್ನೂ ಮರೆಯಬಾರದು. 2023ರ ಕ್ರಿಸ್ಮಸ್ಸಿನಲ್ಲಿ, ಗಾಜಾದ ಯುದ್ಧ ನಡೆಯುತ್ತಿದ್ದಾಗ, ಬೆತ್ಲೆಹೆಮಿನಲ್ಲಿಯೇ ಸಾರ್ವಜನಿಕ ಸಂಭ್ರಮಗಳನ್ನು ಕೈಬಿಟ್ಟಿದ್ದರು. ಅಲ್ಲಿಯ ಲೂಥರನ್ ಚರ್ಚಿನಲ್ಲಿ ಮುರಿದ ಕಾಂಕ್ರೀಟು, ಕಲ್ಲುಗಳ ರಾಶಿ ಹಾಕಿ, ಅದರ ನಡುವೆ ಬಾಲಯೇಸುವನ್ನು ಮಲಗಿಸಿದ ಚಿತ್ರ ಲೋಕವೆಲ್ಲ ಸುತ್ತಿತು. ಅಷ್ಟು ದೂರವೂ ಹೋಗಬೇಕಾಗಿಲ್ಲ. ಸರ್ಕಾರಿ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿ, ಮಕ್ಕಳು ಹಾಸಿಗೆ ಹಿಡಿಯುವಂತಾದ ಜಿಲ್ಲೆ ನಮ್ಮದು. ವಾರ್ಡಿನ ಯುವಕರು ಒಮ್ಮೆ ಗೋದಲಿ ಸ್ಪರ್ಧೆಗೆ ಕೊಟ್ಟಿಗೆಯ ಬದಲು ಗೇರುಮರಗಳ ನಡುವೆ ಒಂದು ಗುಡಿಸಲು ಕಟ್ಟಿ, ತೊಟ್ಟಿಯ ಜಾಗದಲ್ಲಿ ಹಗ್ಗದ ಮಂಚವಿಟ್ಟು ಮಗುವನ್ನು ಅದರ ಮೇಲೆ ಮಲಗಿಸಿದ್ದರು. ಬಹುಮಾನ ಬರಲಿಲ್ಲ. ಬಹುಮಾನ ಹೋದದ್ದು ನೀರು ಹರಿಯುವ ಮೋಟಾರು ಜಲಪಾತವಿದ್ದ ಗೋದಲಿಗೆ, ಅದು ಇರಲಿ. ಆ ಮಂಚದ ಮುಂದೆ ನಿಂತು ಮಾತಿಲ್ಲದೆ ಹೋದವರು ಮಾತ್ರ ಹಲವರಿದ್ದರು. ಈಗೀಗ ಸ್ಪರ್ಧೆಯ ತೀರ್ಪುಗಾರರಿಗಿಂತ ಮೊದಲು ಮೊಬೈಲುಗಳು ಬರುತ್ತವೆ, ಗೋದಲಿ ವಾಟ್ಸಾಪ್ ಸ್ಟೇಟಸ್ಸಿಗೆ ಹೊಂದಬೇಕೆಂಬ ಒತ್ತಡವೂ ಇದೆ. ಸಿದ್ಧ ಸೆಟ್ಟು ಆ ಚೌಕಟ್ಟಿಗೆ ಹೇಳಿ ಮಾಡಿಸಿದಂತಿದೆ, ಫೋಟೊದಲ್ಲಿ ಕಣ್ಣೆದುರು ಕಾಣುವುದಕ್ಕಿಂತಲೂ ಚೆನ್ನಾಗಿ ಬರುತ್ತದೆ.

ಕೊಂಡವರು ಇದನ್ನು ಸರಿಪಡಿಸಿಕೊಳ್ಳಬಹುದು, ಕಷ್ಟವೇನಲ್ಲ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ತೊಟ್ಟಿಯ ಬದಿಯಿಂದ ಸ್ವಲ್ಪ ಹೊತ್ತು ಹಿಡಿದರೆ ಅಂಟು ಮೆದುವಾಗುತ್ತದೆ. ಆಗ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಮಗುವಿನ ಬೆನ್ನಿನಡಿ ಮೆಲ್ಲನೆ ತೂರಿಸಿ ಎಬ್ಬಿಸಬೇಕು. ನೇರವಾಗಿ ಮೀಟಿದರೆ ಕೈ ಮುರಿಯುತ್ತದೆ, ಏಕೆಂದರೆ ಚಾಚಿದ ತೋಳುಗಳು ಬೆಂಕಿಕಡ್ಡಿಗಿಂತ ದಪ್ಪವಿಲ್ಲ. ನಮ್ಮದರಲ್ಲಿ ಬೆನ್ನಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಕಿತ್ತುಬಂತು, ಮಲಗಿಸಿದಾಗ ಅದು ಕಾಣುವುದಿಲ್ಲ. ಅರಸರನ್ನೂ ಇದೇ ರೀತಿ ಬಿಡಿಸಿದೆವು. ಅವರ ಅಡಿಭಾಗ ಸಪಾಟವಾಗಿರುವುದರಿಂದ ಕಪಾಟಿನ ಮೇಲೆ ತಾವಾಗಿಯೇ ನಿಲ್ಲುತ್ತಾರೆ. ತೊಟ್ಟಿಯಲ್ಲಿ ಉಳಿದ ಗಟ್ಟಿ ಅಂಟಿನ ಮೇಲೆ, ಪೇಟೆಯ ಪಶು ಆಹಾರದ ಅಂಗಡಿಯಲ್ಲಿ ಕೇಳಿ ತಂದ ಒಂದು ಹಿಡಿ ಬೈಹುಲ್ಲು ಹಾಸಿದೆವು; ಲಾರಿಯಲ್ಲಿ ಹೊರಗಿನಿಂದ ಬರುವ ಕಟ್ಟಿನದು, ಅಂಗಡಿಯವರು ಹಣ ತೆಗೆದುಕೊಳ್ಳಲಿಲ್ಲ. ಹುಲ್ಲಿನ ವಾಸನೆ ಹಿಡಿದು ಅಮ್ಮ, “ಈಗ ಪರವಾಗಿಲ್ಲ” ಎಂದರು, ಕರವಸ್ತ್ರವನ್ನು ತೆಗೆದು ಒಗೆಯಲು ಹಾಕಿದರು. ಥರ್ಮೊಕೋಲಿನ ಗುಡ್ಡವನ್ನು ಕಿತ್ತು, ಅದರ ಜಾಗಕ್ಕೆ ಸಿಮೆಂಟ್ ಚೀಲದ ಗುಡ್ಡ ಬಂತು. ಮಕ್ಕಳು ಮೊದಲ ಸಲ ಕೈಗೆ ಕೆಮ್ಮಣ್ಣು ಮೆತ್ತಿಕೊಂಡದ್ದು ಆಗಲೇ, ಹಲಗೆಯಾಚೆಗೂ ಗುಡ್ಡ ಬೆಳೆದು ಬಾತುಕೋಳಿಗೂ ಜಾಗವಾಯಿತು.

ಇಷ್ಟೆಲ್ಲ ಮಾಡುವುದಾದರೆ ಸೆಟ್ಟು ಕೊಳ್ಳುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪರ್ಯಾಯವೂ ಇದೆ: ಡಿಸೆಂಬರಿನಲ್ಲಿ ಕೆಲವು ಚರ್ಚುಗಳ ಆವರಣದಲ್ಲಿ, ಮಂಗಳೂರಿನ ಧಾರ್ಮಿಕ ವಸ್ತುಗಳ ಅಂಗಡಿಗಳಲ್ಲಿ ಬಿದಿರು ಮತ್ತು ಹುಲ್ಲಿನ ಖಾಲಿ ಕೊಟ್ಟಿಗೆಗಳೂ ಬಿಡಿ ಪ್ರತಿಮೆಗಳೂ ಪ್ರತ್ಯೇಕವಾಗಿ ಸಿಗುತ್ತವೆ. ಒಟ್ಟು ಖರ್ಚು ಸಿದ್ಧ ಸೆಟ್ಟಿಗಿಂತ ಸ್ವಲ್ಪ ಹೆಚ್ಚಾಗಬಹುದು, ಪ್ರತಿಮೆಗಳ ಬಣ್ಣ ಇದರಷ್ಟು ನಯವಾಗಿರುವುದಿಲ್ಲ, ಜೋಸೆಫರು ಮರಿಯಮ್ಮನಿಗಿಂತ ಗಿಡ್ಡವಾಗಿ ಬರುವ ಸಾಧ್ಯತೆಯೂ ಇದೆ. ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿರುವವರು ಆ ಕಡೆಗೇ ಹೋಗುವುದು ಒಳ್ಳೆಯದು. ಈಗಾಗಲೇ ಹಳೆಯ ಪ್ರತಿಮೆಗಳಿರುವ ಮನೆಯವರು ಕೊಟ್ಟಿಗೆಯನ್ನಷ್ಟೇ ತಂದರೆ ಸಾಕು.

ತಯಾರಕರಿಗೆ ಒಂದೇ ಬೇಡಿಕೆ. ಬಾಲಯೇಸುವನ್ನೂ ಮೂವರು ಅರಸರನ್ನೂ ಅಂಟಿಸದೆ, ಒಂದು ಪುಟ್ಟ ಬಟ್ಟೆಯ ಚೀಲದಲ್ಲಿ ಹಾಕಿ ಕಳುಹಿಸಿ. ಮಕ್ಕಳ ಸುರಕ್ಷತೆಯ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದರೆ ಸಾಕು. ಕಳೆದುಹೋದೀತೆಂಬ ಭಯವಿದ್ದರೆ ಬಿಡಿ ಬಾಲಯೇಸುವನ್ನು ಪ್ರತ್ಯೇಕವಾಗಿ ಮಾರಾಟಕ್ಕಿಡಿ, ಕೊಳ್ಳುವವರು ಖಂಡಿತ ಇದ್ದಾರೆ. ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟು: ನವೆಂಬರ್ ಮುಗಿಯುವ ಮೊದಲು ತರಿಸಿಕೊಳ್ಳಿ, ಡಿಸೆಂಬರ್ ಮಧ್ಯದಲ್ಲಿ ಇದೇ ಸೆಟ್ಟಿನ ಬೆಲೆ ಏರಿದ್ದನ್ನು ನೋಡಿದ್ದೇನೆ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ, ಕತ್ತೆಯ ಕಿವಿ ಮುರಿದು ಬಂದರೆ ಬದಲಿಸಿ ಕೊಡಲು ಅದನ್ನೇ ಕೇಳುತ್ತಾರೆ. ಹಬ್ಬ ಮುಗಿದ ಮೇಲೆ ಸೆಲ್‌ಗಳನ್ನು ತೆಗೆದು, ಪ್ಲೈವುಡ್ಡಿಗೆ ನಮ್ಮ ಮಳೆಗಾಲದ ತೇವ ತಾಗದಂತೆ ಪ್ಲಾಸ್ಟಿಕ್ ಸುತ್ತಿ ಅಟ್ಟಕ್ಕೇರಿಸಿ. ಐದರಲ್ಲಿ ಮೂರು ಅಂಕ. ಅಂಟು ಬಿಟ್ಟರೆ ನಾಲ್ಕು.